ಕಾಟಕಾಯಿ

ಕಾಟಕಾಯಿ ಎಂದರೆ ಕೊಳ್ಳೆ, ಸೂರೆ. ಪೀಡೆ ಎಂಬ ಅರ್ಥದ ‘ಕಾಟ’, ಪೀಡಕ ಎಂಬ ಅರ್ಥದ ‘ಕಾಟಕ’ ಇದರ ಒಡಹುಟ್ಟುಗಳು. ತುಳುನಾಡಿನಲ್ಲಿ ಈ ಪದ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಮಾತಿನಲ್ಲಿ.

ಆ ಮಾತು ಹುಟ್ಟಿದ್ದು ಹೀಗೆ: 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರಕಾರ ಅರಸ ಚಿಕವೀರರಾಜನನ್ನು ಇಳಿಸಿ ಕೊಡಗನ್ನು ನುಂಗಿತು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಕುಂಬಳೆಯೂ ಆಗ ಅದೇ ಜಿಲ್ಲೆಯಲ್ಲಿತ್ತು. ದವಸದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದಾಗ ರೈತರು ಸಿಡಿದೆದ್ದರು. ಕೆದಂಬಾಡಿ ರಾಮಯ್ಯಗೌಡರು ಮುಂದಾಳು. ಕಲ್ಯಾಣಸ್ವಾಮಿಯ, ಅಂದರೆ ಆ ಮಾತಿನಲ್ಲಿರುವ ಕಲ್ಯಾಣಪ್ಪನ, ಹೆಸರು ಹೊತ್ತವನು ಪುಟ್ಟಬಸಪ್ಪ. ಕುಂಬಳೆಯ ಸುಬ್ರಾಯ ಹೆಗ್ಡೆಯೂ ಜತೆಗೂಡಿದ. 1837ರ ಏಪ್ರಿಲ್‌ನಲ್ಲಿ ಮಂಗಳೂರು ಅವರ ಕೈಸೇರಿ 13 ದಿನ ಉಳಿಯಿತು. ಬಳಿಕ ಕಂಪನಿಯ ಪಡೆ ಬಂತು, ಬಂಡೆದ್ದ ಕೆಲವರಿಗೆ ಬಿಕರ್ನಕಟ್ಟೆಯಲ್ಲಿ ನೇಣಾಯಿತು.

ಸೋತವರ ಹೋರಾಟಕ್ಕೆ ಸೂರೆಯ ಹೆಸರು ಅಂಟಿಕೊಂಡಿತು. ಗದ್ದಲದ ನಡುವೆ ಲೂಟಿ ನಡೆದಿರಬಹುದು. ಆದರೆ ತಾವು ಕೇಳದ ಆಳ್ವಿಕೆಯನ್ನು ಒಲ್ಲೆವೆಂದವರನ್ನು ಬರಿಯ ಕೊಳ್ಳೆಗಾರರೆನ್ನುವುದು ಅನ್ಯಾಯ. ಈಗ ‘ಅಮರ ಸುಳ್ಯದ ರೈತ ಬಂಡಾಯ’ ಎಂಬ ಹೆಸರು ಬಳಕೆಗೆ ಬಂದಿದೆ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆಯೂ ನಿಂತಿತು. ಹಳೆಯ ಪದವನ್ನು ನಿಘಂಟಿನಲ್ಲಿ ಉಳಿಸಿಕೊಳ್ಳೋಣ, ಮಕ್ಕಳಿಗೆ ಹೇಳುವಾಗ ಬಂಡಾಯವೆಂದೇ ಹೇಳೋಣ.