ಮುಖತ್ಯಾರಪತ್ರದಿಂದ ಮುಂಗಡ ನಿರ್ದೇಶದವರೆಗೆ

ಒಬ್ಬನ ಪರವಾಗಿ ಇನ್ನೊಬ್ಬನು ವ್ಯವಹರಿಸುವ ಅಧಿಕಾರವನ್ನು ಕೊಡುವ ಕಾಗದಕ್ಕೆ ಕನ್ನಡದಲ್ಲಿ ಹೆಸರುಗಳು ಹಲವುಂಟು. ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಅದು ಮುಖತ್ಯಾರಪತ್ರ. ಸರಕಾರಿ ಕನ್ನಡದಲ್ಲಿ ಅಧಿಕಾರಪತ್ರ. ಬ್ಯಾಂಕುಗಳಲ್ಲಿಯೂ ನೋಂದಣಿ ಕಚೇರಿಗಳಲ್ಲಿಯೂ ಪವರ್ ಆಫ್ ಅಟಾರ್ನಿ. ‘ಮುಖ್ತಾರ್’ ಎಂಬುದು ಅರಬ್ಬೀ ಮೂಲದ ಶಬ್ದ. ‘ಆರಿಸಲ್ಪಟ್ಟವನು’ ಎಂಬುದು ಅದರ ಅರ್ಥ. ಹೆಸರಿನಲ್ಲಿಯೇ ಆಯ್ಕೆಯಿದೆ, ಆಯ್ಕೆಯಿದ್ದಲ್ಲಿ ಆರಿಸುವ ಬುದ್ಧಿಯೂ ಇರಬೇಕಷ್ಟೆ. ಆ ಬುದ್ಧಿಯೇ ಅಳಿದ ಮೇಲೆ ಆಯ್ಕೆ ನಿಲ್ಲುವುದೋ ಬೀಳುವುದೋ ಎಂಬ ಪ್ರಶ್ನೆಗೆ ಭಾರತದ ನ್ಯಾಯಶಾಸ್ತ್ರವು ಎರಡು ಕಾಲಗಳಲ್ಲಿ, ಎರಡು ವಿಷಯಗಳಲ್ಲಿ, ಒಂದಕ್ಕೊಂದು ವಿರುದ್ಧವಾದ ಉತ್ತರಗಳನ್ನು ಕೊಟ್ಟಿದೆ. ಹೊಲಮನೆಗಳನ್ನು ಊರಿನಲ್ಲಿ ಬಿಟ್ಟು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿ, ಮುಪ್ಪಿನ ತಂದೆತಾಯಿಗಳ ವ್ಯವಹಾರವನ್ನು ಒಂದು ಕಾಗದದ ಬಲದಿಂದ ನಡೆಸುತ್ತಿರುವ ಕುಟುಂಬಗಳಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ.

ಮೊದಲ ಉತ್ತರವು 1872ರ ಭಾರತೀಯ ಕರಾರು ಕಾಯಿದೆಯದು. ಅದರ 201ನೆಯ ಕಲಮಿನ ಪ್ರಕಾರ ಅಧಿಕಾರ ಕೊಟ್ಟವನು ಮೃತನಾದರೆ, ಅಥವಾ ಬುದ್ಧಿಸ್ವಾಸ್ಥ್ಯವನ್ನು ಕಳೆದುಕೊಂಡರೆ, ಕೊಟ್ಟ ಅಧಿಕಾರ ಮುಗಿಯುತ್ತದೆ. ಯಜಮಾನನು ತಾನೇ ಮಾಡಲಾರದ ಕಾರ್ಯವನ್ನು ಅವನ ಪ್ರತಿನಿಧಿಯೂ ಮಾಡಲಾರನೆಂಬುದು ಇದರ ಹಿಂದಿನ ತರ್ಕ. ಇಂಗ್ಲೆಂಡಿನಲ್ಲಿ 1879ರಲ್ಲಿ ತೀರ್ಮಾನವಾದ ಡ್ರೂ ವಿರುದ್ಧ ನನ್ ಎಂಬ ಮೊಕದ್ದಮೆ ಈ ತರ್ಕಕ್ಕೆ ಒಳ್ಳೆಯ ನಿದರ್ಶನ. ಗಂಡನು ತನ್ನ ಹೆಸರಿನಲ್ಲಿ ಉದ್ದರಿ ತರುವ ಅಧಿಕಾರವನ್ನು ಹೆಂಡತಿಗೆ ಕೊಟ್ಟಿದ್ದನು. ಅದು ವ್ಯಾಪಾರಿಗೂ ತಿಳಿದಿತ್ತು. ಗಂಡನಿಗೆ ಬುದ್ಧಿಭ್ರಮಣೆಯಾಯಿತು. ಅದನ್ನರಿಯದ ವ್ಯಾಪಾರಿ ಸಾಮಾನು ಕೊಡುತ್ತಲೇ ಹೋದನು. ಗುಣಮುಖನಾಗಿ ಬಂದ ಗಂಡನು ಆ ಬಾಕಿ ತನ್ನದಲ್ಲವೆಂದನು. ಬುದ್ಧಿ ಹೋದಾಗಲೇ ಹೆಂಡತಿಯ ಅಧಿಕಾರವೂ ಹೋಯಿತೆಂದು ನ್ಯಾಯಾಲಯ ಒಪ್ಪಿತು. ಆದರೆ ವಿಷಯ ತಿಳಿಯದೆ ಮಾಲು ಕೊಟ್ಟ ವ್ಯಾಪಾರಿಗೆ ಗಂಡನೇ ಹೊಣೆಯೆಂದು ತೀರ್ಪಿತ್ತಿತು.

‘ತಿಳಿಯದೆ’ ಎಂಬ ಈ ಶಬ್ದವನ್ನು ಓದುಗರು ನೆನಪಿನಲ್ಲಿಡಬೇಕು. 1882ರ ಮುಖತ್ಯಾರಪತ್ರಗಳ ಕಾಯಿದೆಯ ತಿರುಳೂ ಅದೇ. ಬೆರಳೆಣಿಕೆಯ ಕಲಮುಗಳ ಈ ಪುಟ್ಟ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಮೂಲಪತ್ರವನ್ನು ಉಚ್ಚ ನ್ಯಾಯಾಲಯದಲ್ಲಿ ಠೇವಣಿ ಇಡಬಹುದೆಂದು ಒಂದು ಕಲಮು. ವಿವಾಹಿತ ಸ್ತ್ರೀಯೂ ಅವಿವಾಹಿತೆಯಂತೆಯೇ ಮುಖತ್ಯಾರನನ್ನು ನೇಮಿಸಬಹುದೆಂದು ಇನ್ನೊಂದು. ಯಜಮಾನನ ಮರಣವನ್ನಾಗಲಿ ಬುದ್ಧಿವೈಕಲ್ಯವನ್ನಾಗಲಿ ಅರಿಯದೆ ಸದ್ಭಾವದಿಂದ ಹಣ ಸಲ್ಲಿಸಿದ ಮುಖತ್ಯಾರನಿಗೆ ಮೂರನೆಯ ಕಲಮು ರಕ್ಷಣೆ ಕೊಡುತ್ತದೆ. ಅರಿತು ಸಲ್ಲಿಸಿದವನಿಗೆ ಕೊಡುವುದಿಲ್ಲ.

ಇದರ ಪರಿಣಾಮ ವಿಚಿತ್ರವಾದುದು. ಪಾರ್ಶ್ವವಾಯುವಿನಿಂದ ಪ್ರಜ್ಞೆ ತಪ್ಪಿ ಮಲಗಿದ ತಂದೆಯ ಆಸ್ಪತ್ರೆಯ ಖರ್ಚಿಗೆ ತಂದೆಯ ಖಾತೆಯಿಂದಲೇ ಹಣ ತೆಗೆಯಲು ಮಗನು ಮುಖತ್ಯಾರಪತ್ರವನ್ನು ಹಿಡಿದು ಬ್ಯಾಂಕಿಗೆ ಬರುತ್ತಾನೆ. ತಂದೆಯ ಸ್ಥಿತಿಯನ್ನು ಇದ್ದಂತೆ ಹೇಳಿದರೆ, ಅಧಿಕಾರಿ ಕಾಯಿದೆಯನ್ನು ಬಲ್ಲವನಾಗಿದ್ದರೆ, ಚೆಕ್ಕು ಹಿಂದಿರುಗಬೇಕಾಗುತ್ತದೆ. ಹೇಳದೆ ಸುಮ್ಮನಿದ್ದವನ ಚೆಕ್ಕು ಚುಕ್ತವಾಗುತ್ತದೆ. ಸತ್ಯ ನುಡಿದವನಿಗೆ ತೊಡಕು, ಮೌನ ತಾಳಿದವನಿಗೆ ಸರಾಗ. ಯಾವ ಶಾಸನಕರ್ತನೂ ಇಂತಹ ಫಲವನ್ನು ಬಯಸಿ ಬರೆದಿರಲಾರನು. ಸಹಿ ಮಾಡಲಾರದ ರೋಗಿಗಳಿಗಾಗಿ ರಿಸರ್ವ್ ಬ್ಯಾಂಕು ಹೆಬ್ಬೆರಳಿನ ಗುರುತು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು, ಇಬ್ಬರು ಸಾಕ್ಷಿಗಳು ಎಂದು ದಾರಿ ಮಾಡಿರುವುದು ನಿಜ. ಆದರೆ ಆ ದಾರಿ ಮೈ ಸೋತವನಿಗೇ ಹೊರತು ಮನಸ್ಸು ಸೋತವನಿಗಲ್ಲ. ಗುರುತಿನ ಹಿಂದೆ ಇಚ್ಛೆಯಿರಬೇಕು.

ಪರದೇಶಗಳು ಈ ಕೊರತೆಯನ್ನು ಎಂದೋ ತಿದ್ದಿಕೊಂಡವು. ಬುದ್ಧಿ ಹೋದ ಮೇಲೂ ಊರ್ಜಿತವಾಗಿ ಉಳಿಯುವ ಮುಖತ್ಯಾರಪತ್ರಕ್ಕೆ ಅಮೆರಿಕದ ವರ್ಜೀನಿಯಾ ರಾಜ್ಯವು 1954ರಷ್ಟು ಹಿಂದೆಯೇ ಶಾಸನದ ಮನ್ನಣೆಯಿತ್ತಿತು. ನಮಗೆ ಮೂಲ ನಿಯಮವನ್ನು ಕಲಿಸಿದ ಇಂಗ್ಲೆಂಡೇ 1985ರಲ್ಲಿ ಅದನ್ನು ಸಡಿಲಿಸಿತು; 2005ರ ಮನೋಸಾಮರ್ಥ್ಯ ಕಾಯಿದೆಯ ಮೂಲಕ ಆಸ್ತಿಪಾಸ್ತಿಗೊಂದು, ಆರೋಗ್ಯಕ್ಕೊಂದು ಎಂದು ಎರಡು ಬಗೆಯ ಚಿರಾಧಿಕಾರಪತ್ರಗಳನ್ನು ಒಂದೇ ಸೂರಿನಡಿ ತಂದಿತು. ಗುರುವು ಪಾಠವನ್ನು ಬದಲಿಸಿದ ಮೇಲೂ ಶಿಷ್ಯನು ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದಾನೆ. ಭಾರತದಲ್ಲಿ ಮುಖತ್ಯಾರಪತ್ರದ ಬಗೆಗೆ ನಡೆದ ದೊಡ್ಡ ಚರ್ಚೆಯೆಲ್ಲ ಮಾರಾಟದ ಸುತ್ತಲೇ ನಡೆಯಿತು: ಅಂತಹ ಪತ್ರದಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸಾರಿತು. ಅಗತ್ಯವಾದ ತೀರ್ಪು, ಆದರೆ ರೋಗಿಯ ಪ್ರಶ್ನೆ ಅಲ್ಲಿ ಬರಲಿಲ್ಲ.

ಆ ಪ್ರಶ್ನೆ ಬಂದುದು ಮುಂಬಯಿಯ ಆಸ್ಪತ್ರೆಯೊಂದರ ಹಾಸಿಗೆಯಿಂದ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ದಾದಿಯ ವೃತ್ತಿಗಾಗಿ ಮುಂಬಯಿಗೆ ಹೋದ ಅರುಣಾ ಶಾನಭಾಗ ಅವರು 1973ರ ನವೆಂಬರ್ 27ರಂದು ಕೆ. ಇ. ಎಂ. ಆಸ್ಪತ್ರೆಯಲ್ಲಿ ಪೈಶಾಚಿಕ ಹಲ್ಲೆಗೆ ಒಳಗಾಗಿ, ಮಿದುಳು ಹಾನಿಗೊಂಡು, 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಕ್ಕೂ ಮಿಕ್ಕಿ, ಅಲ್ಲಿಯೇ ಉಳಿದರು. ಅವರಿಗೆ ನೀಡುತ್ತಿದ್ದ ಆಹಾರವನ್ನು ನಿಲ್ಲಿಸಿ ಬಿಡುಗಡೆ ಕೊಡಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಆ ತೀರ್ಪನ್ನು ದಯಾಮರಣದ ತೀರ್ಪೆಂದು ಕರೆಯುವುದು ರೂಢಿ. ಅದನ್ನು ಪ್ರತಿನಿಧಿತ್ವದ ತೀರ್ಪೆಂದು ಓದುವುದೇ ಹೆಚ್ಚು ಉಚಿತ. ಮಾತನಾಡಲಾರದ ಆ ಹೆಣ್ಣುಮಗಳ ಪರವಾಗಿ ಮಾತನಾಡಲು ಯಾರು ಅರ್ಹರು? ಅರ್ಜಿ ಹಾಕಿದವರಲ್ಲ, ದಶಕಗಳ ಕಾಲ ಮೈತೊಳೆದು ಉಣಿಸಿದ ಆಸ್ಪತ್ರೆಯ ಸಿಬ್ಬಂದಿಯವರೇ ಎಂದು ನ್ಯಾಯಾಲಯ ಹೇಳಿತು. ಅರುಣಾ ಅವರೇ ಆರಿಸಿಟ್ಟ ಮುಖ್ತಾರರು ಯಾರೂ ಇರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಯಾರು ತಾನೆ ಆರಿಸಿಡುತ್ತಾರೆ?

ಮೊದಲೇ ಆರಿಸಿಡುವ ಕಲ್ಪನೆಗೆ ‘ಜೀವಂತ ಮೃತ್ಯುಪತ್ರ’ ಎಂಬರ್ಥದ ಹೆಸರನ್ನು ಶಿಕಾಗೋದ ವಕೀಲ ಲೂಯಿಸ್ ಕುಟ್ನರ್ 1969ರಲ್ಲಿ ಇಟ್ಟನು. 1976ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಶಾಸನವಾಗಿಸಿತು. ಭಾರತದಲ್ಲಿ ಅದನ್ನು ತಂದುದು ಸಂಸತ್ತಲ್ಲ. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಐವರು ನ್ಯಾಯಾಧೀಶರ ಪೀಠವು 2018ರ ಮಾರ್ಚ್ 9ರಂದು, ಘನತೆಯಿಂದ ಮರಣಿಸುವ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆಯೆಂದು ಹೇಳಿ ಮುಂಗಡ ವೈದ್ಯಕೀಯ ನಿರ್ದೇಶಕ್ಕೆ ಮಾನ್ಯತೆ ನೀಡಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಜೀವಾಧಾರ ಚಿಕಿತ್ಸೆ ಬೇಡವೆಂದು, ತನ್ನ ಪರವಾಗಿ ಒಪ್ಪಿಗೆ ಕೊಡತಕ್ಕವರು ಇಂಥವರೆಂದು, ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡುವ ಪತ್ರವಿದು. ಆದರೆ ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. ಜಾರಿಗೆ ಎರಡು ವೈದ್ಯ ಮಂಡಲಿಗಳು, ಜಿಲ್ಲಾಧಿಕಾರಿ, ಕೊನೆಗೆ ರೋಗಿಯ ಬಳಿಗೆ ಮ್ಯಾಜಿಸ್ಟ್ರೇಟರ ಭೇಟಿ. ಸಾಯುವವನಿಗೆ ಅಷ್ಟು ವ್ಯವಧಾನವೆಲ್ಲಿ? 2023ರ ಜನವರಿ 24ರಂದು ನ್ಯಾಯಾಲಯವೇ ತನ್ನ ಕಟ್ಟಳೆಗಳನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬಹುದು, ಮಂಡಲಿಗಳು ಆದಷ್ಟು 48 ಗಂಟೆಗಳೊಳಗೆ ತೀರ್ಮಾನಿಸಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಆಚರಣೆಗೆ ತರಲು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಹೀಗೆ ಮುಖತ್ಯಾರಪತ್ರವು ಸಾಯುವ ಗಳಿಗೆಯಲ್ಲಿಯೇ ಮುಂಗಡ ನಿರ್ದೇಶಕ್ಕೆ ಜೀವ ಬರುತ್ತದೆ. ಅದೇ ಮಗಳು, ಅದೇ ತಂದೆ, ಅದೇ ಪ್ರಜ್ಞಾಹೀನ ಸ್ಥಿತಿ: ಉಸಿರಾಟದ ಯಂತ್ರವನ್ನು ತೆಗೆಯಲು ಅವಳ ಒಪ್ಪಿಗೆಗೆ ಬೆಲೆಯಿದೆ, ಆ ಯಂತ್ರದ ಬಾಡಿಗೆಯನ್ನು ತಂದೆಯ ಖಾತೆಯಿಂದ ಸಲ್ಲಿಸಲು ಅವಳ ಸಹಿಗೆ ಬೆಲೆಯಿಲ್ಲ. ಪ್ರಾಣದ ವಿಷಯದಲ್ಲಿ ನಂಬಿದವಳನ್ನು ಕಾಯಿದೆ ಪಾಸ್‌ಬುಕ್ಕಿನ ವಿಷಯದಲ್ಲಿ ನಂಬದು.

ಈ ಕಂದಕವನ್ನು ತುಂಬುವ ಅವಕಾಶವೊಂದು ಒದಗಿತ್ತು. ಮನೋರೋಗಿಗಳ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಏರ್ಪಾಡು 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯಿದೆಯು ಮಾನಸಿಕ ಚಿಕಿತ್ಸೆಗೆ ಮುಂಗಡ ನಿರ್ದೇಶವನ್ನೂ ನಾಮನಿರ್ದೇಶಿತ ಪ್ರತಿನಿಧಿಯನ್ನೂ ಕೊಟ್ಟಿತು, ಆದರೆ ಆಸ್ತಿಯ ಆ ಅಧ್ಯಾಯವನ್ನೇ ಕೈಬಿಟ್ಟಿತು. ಚಿಕಿತ್ಸೆಗೂ ಆಸ್ತಿಗೂ ನಡುವೆ ಗೆರೆ ಎಳೆದುದು ತಾತ್ತ್ವಿಕವಾಗಿ ಸರಿಯಿರಬಹುದು. ತೆಗೆದುದರ ಜಾಗದಲ್ಲಿ ಬೇರೊಂದನ್ನು ಇಡದೆ ಹೋದುದು ಸರಿಯಲ್ಲ. ಆದಕಾರಣ ಕೋಮಾದಲ್ಲಿರುವವರ ಬಂಧುಗಳು ಸಂವಿಧಾನದ 226ನೆಯ ವಿಧಿಯ ಮೇರೆಗೆ ಉಚ್ಚ ನ್ಯಾಯಾಲಯಗಳ ಮೆಟ್ಟಿಲೇರಿ, ತಮ್ಮನ್ನು ಪಾಲಕರೆಂದು ನೇಮಿಸಲು ರಿಟ್ ಅರ್ಜಿ ಹಾಕುತ್ತಿದ್ದಾರೆ. ಇಂತಹ ಅರ್ಜಿಗಳಿಗೆ ಅನ್ವಯಿಸುವ ಸ್ಪಷ್ಟ ಶಾಸನವಿಲ್ಲವೆಂದು ಕಂಡುಕೊಂಡ ಕೇರಳ ಉಚ್ಚ ನ್ಯಾಯಾಲಯವು 2019ರಲ್ಲಿ ತಾನೇ ಮಾರ್ಗಸೂಚಿಗಳನ್ನು ರಚಿಸಿತು: ವೈದ್ಯರ ಪರೀಕ್ಷೆ, ಕಂದಾಯ ಅಧಿಕಾರಿಗಳ ತನಿಖೆ, ಆಸ್ತಿಯ ಪಟ್ಟಿ, ಪಾಲಕನು ನಿಯತಕಾಲಕ್ಕೆ ಒಪ್ಪಿಸತಕ್ಕ ಲೆಕ್ಕ. ತಂದೆಯು ಸ್ವಸ್ಥನಿದ್ದಾಗ ಎರಡು ಸಾಕ್ಷಿಗಳ ಮುಂದೆ ಬರೆದುಕೊಟ್ಟ ಮುಖತ್ಯಾರಪತ್ರವು ಅಷ್ಟು ಹೊತ್ತಿಗೆ ಆ ಅರ್ಜಿಯ ಕಡತದಲ್ಲಿ ಒಂದು ಲಗತ್ತು ಮಾತ್ರ.