ಓಡುತ್ತಿರುವ ಕರ್ನಲ್‌ನೊಳಗೆ ಮಾಡ್ಯೂಲ್

ಲಿನಕ್ಸ್ ಕರ್ನಲ್ ಏಕಶಿಲೆಯದು. ಮೆಮೊರಿ ನಿರ್ವಹಣೆ, ಫೈಲ್ ವ್ಯವಸ್ಥೆ, ಡ್ರೈವರ್‌ಗಳು ಎಲ್ಲವೂ ಒಂದೇ ಕಡೆ, ಒಂದೇ ಅಧಿಕಾರದಲ್ಲಿ ನಡೆಯುತ್ತವೆ. 1992ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನಿ ಆಂಡ್ರ್ಯೂ ಟಾನೆನ್‌ಬಾಮ್ ಇದನ್ನು ಹಳೇ ಕಾಲದ ವಿನ್ಯಾಸವೆಂದು ಜರೆದರು. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ ಜಗ್ಗಲಿಲ್ಲ. ಆದರೆ ಏಕಶಿಲೆಯ ಕಷ್ಟ ಬಳಕೆದಾರರಿಗೆ ಬೇಗ ತಟ್ಟಿತು. ಹೊಸ ನೆಟ್‌ವರ್ಕ್ ಕಾರ್ಡ್ ಕೂರಿಸಿದರೆ ಕರ್ನಲನ್ನೇ ಮತ್ತೆ ಕಂಪೈಲ್ ಮಾಡಬೇಕಿತ್ತು. 386 ಯಂತ್ರದಲ್ಲಿ ಅದು ಗಂಟೆಗಟ್ಟಲೆ ಕೂರಿಸುವ ಕೆಲಸ. ಇರುವ ಡ್ರೈವರ್‌ಗಳನ್ನೆಲ್ಲ ಮೊದಲೇ ತುಂಬಿಬಿಡೋಣವೆಂದರೆ 1.44 ಎಂಬಿಯ ಫ್ಲಾಪಿಯಲ್ಲಿ ಜಾಗವಿಲ್ಲ. ಸ್ಲ್ಯಾಕ್‌ವೇರ್ ಒಂದೊಂದು ಬಗೆಯ ಹಾರ್ಡ್‌ವೇರ್‌ಗೆ ಒಂದೊಂದು ಬೂಟ್ ಫ್ಲಾಪಿ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಬೇಕಾದಾಗ ಡ್ರೈವರ್ ಸೇರಿಸುವ ಉಪಾಯ ಸನ್‌ಓಎಸ್ 4.1ರಲ್ಲಿ ಆಗಲೇ ಇತ್ತು. 1995ರಲ್ಲಿ 1.2 ಆವೃತ್ತಿ ಬರುವ ಹೊತ್ತಿಗೆ ಲಿನಕ್ಸ್‌ನಲ್ಲೂ ಅದು ನೆಲೆಯೂರಿತ್ತು. ಹೀಗೆ ಸೇರಿಸುವ ತುಣುಕಿಗೆ ಮಾಡ್ಯೂಲ್ ಎಂದು ಹೆಸರು. ಇನ್ಸ್‌ಮಾಡ್ ಎಂಬ ಆಜ್ಞೆ ಕೊಟ್ಟ ಫೈಲನ್ನಷ್ಟೇ ಒಳಗೆ ತಳ್ಳುತ್ತದೆ. ಮಾಡ್‌ಪ್ರೋಬ್ ಇನ್ನಷ್ಟು ಜಾಣ: ವಿಫ್ಯಾಟ್ ಎಂಬ ಫೈಲ್ ವ್ಯವಸ್ಥೆಯ ಮಾಡ್ಯೂಲ್ ಕೇಳಿದರೆ, ಅದಕ್ಕೆ ಆಧಾರವಾದ ಫ್ಯಾಟ್ ಮಾಡ್ಯೂಲನ್ನು ಮೊದಲು ತರುತ್ತದೆ. ಎಲ್ಎಸ್‌ಮಾಡ್ ಪಟ್ಟಿಯಲ್ಲಿ ಫ್ಯಾಟ್‌ನ ಸಾಲಿನ ಕೊನೆಗೆ ವಿಫ್ಯಾಟ್ ಹೆಸರು ಕಾಣುತ್ತದೆ. ಆ ಹೆಸರು ಅಲ್ಲಿರುವ ತನಕ ತೆಗೆದುಹಾಕುವ ಆಜ್ಞೆ ಆರ್ಎಂಮಾಡ್ ಫ್ಯಾಟನ್ನು ಕದಲಿಸುವುದಿಲ್ಲ.

ಕೈಯಿಂದ ಆಜ್ಞೆ ಕೊಡುವ ಕಾಟವೂ ತಪ್ಪಿತು. 1996ರ 2.0ರಲ್ಲಿ ಕರ್ನಲ್‌ಡಿ ಎಂಬ ಹಿನ್ನೆಲೆ ಪ್ರೋಗ್ರಾಂ ಬಂತು, 1999ರ 2.2ರಲ್ಲಿ ಆ ಹೊಣೆ ಕರ್ನಲ್‌ನೊಳಗಿನ ಕೆಮಾಡ್‌ಗೆ ಹೋಯಿತು. ಆಗಲೂ ಮಾಡ್ಯೂಲನ್ನು ಕರ್ನಲ್‌ಗೆ ಹೊಂದಿಸಿ ಹೊಲಿಯುವ ಕೆಲಸ ಹೊರಗಿನ ಇನ್ಸ್‌ಮಾಡ್‌ದು. 2002ರಲ್ಲಿ ರಸ್ಟಿ ರಸೆಲ್ ಅದನ್ನು ಕರ್ನಲ್‌ನೊಳಕ್ಕೇ ತಂದರು. ಇಂದಿನ 'ಕೆಓ' ಫೈಲುಗಳು 2.6ರ ಕಾಲದವು.

ಸೇರಿಸುವ ತಂತ್ರ ಹೀಗೆ ಪಳಗಿತು. ಯಾರನ್ನು ಸೇರಿಸಬೇಕೆಂಬ ಜಗಳ ಮಾತ್ರ ಹರಿಯಲಿಲ್ಲ. ಒಳಬಂದ ಮಾಡ್ಯೂಲ್ ಅತಿಥಿಯಲ್ಲ, ಮನೆಯವನೇ. ಅದರ ಒಂದು ತಪ್ಪು ಇಡೀ ಯಂತ್ರವನ್ನು ಕೆಡವಬಲ್ಲದು. ಮೂಲಸಂಕೇತ ಬಚ್ಚಿಟ್ಟ ಡ್ರೈವರ್‌ಗಳ ತಪ್ಪನ್ನು ಹುಡುಕುವುದಂತೂ ಹೊರಗಿನವರಿಗೆ ಬಲು ಕಷ್ಟ. ಅದಕ್ಕೇ 2001ರಿಂದ ಮಾಡ್ಯೂಲ್ ತನ್ನ ಲೈಸೆನ್ಸ್ ಹೇಳಿಕೊಳ್ಳಬೇಕಾಯಿತು. ಲಿನಕ್ಸ್‌ನ ಮುಕ್ತ ಲೈಸೆನ್ಸ್ ಆದ ಜಿಪಿಎಲ್‌ಗೆ ಹೊಂದದ್ದು ಸೇರಿದರೆ ಕರ್ನಲ್ ತನಗೆ ತಾನೇ 'ಮೈಲಿಗೆ'ಯ ಗುರುತು ಹಾಕಿಕೊಳ್ಳುತ್ತದೆ. 2004ರಲ್ಲಿ ಮೋಡೆಮ್ ಡ್ರೈವರ್ ಕಂಪನಿಯೊಂದು ಇದಕ್ಕೂ ಕಳ್ಳದಾರಿ ಕಂಡುಕೊಂಡದ್ದು ಬಯಲಾಯಿತು: ಲೈಸೆನ್ಸ್ ಸಾಲಿನಲ್ಲಿ 'ಜಿಪಿಎಲ್' ಎಂದು ಬರೆದು, ಅದರ ಬೆನ್ನಿಗೇ ಸೊನ್ನೆಯ ಬೈಟ್ ಇಟ್ಟು, ಉಳಿದ ಷರತ್ತನ್ನು ಆಮೇಲೆ ಸೇರಿಸಿತ್ತು. ಸಿ ಭಾಷೆಯಲ್ಲಿ ಸೊನ್ನೆ ಬಂದಲ್ಲಿಗೆ ಪಠ್ಯ ಮುಗಿಯಿತು. ಕರ್ನಲ್ ಓದಿದ್ದು ಮೊದಲ ಮೂರು ಅಕ್ಷರಗಳನ್ನಷ್ಟೇ. ಚಾಣಾಕ್ಷತನ ಹೌದು, ಪ್ರಾಮಾಣಿಕತೆ ಅಲ್ಲ.

ಕಳ್ಳರಿಗೂ ಇದೇ ಬಾಗಿಲು ಹಿಡಿಸಿತು. 1990ರ ದಶಕದ ಕೊನೆಗೆ ಹುಟ್ಟಿದ ನಾರ್ಕ್, ಅಡೋರ್‌ನಂಥ ರೂಟ್‌ಕಿಟ್‌ಗಳು ಮಾಡ್ಯೂಲ್ ವೇಷದಲ್ಲಿ ಒಳಸೇರಿ, ತಮ್ಮ ಫೈಲುಗಳನ್ನೂ ಪ್ರೋಗ್ರಾಂಗಳನ್ನೂ ಆಡಳಿತಗಾರನ ಕಣ್ಣಿಂದ ಮರೆಮಾಡುತ್ತಿದ್ದವು. 2012ರ ಡಿಸೆಂಬರ್‌ನಲ್ಲಿ ಬಂದ 3.7 ಆವೃತ್ತಿ ಮಾಡ್ಯೂಲ್‌ಗಳ ಡಿಜಿಟಲ್ ಸಹಿ ಪರೀಕ್ಷಿಸಲು ಕಲಿತಿತ್ತು. ಸೆಕ್ಯೂರ್ ಬೂಟ್ ಚಾಲೂ ಇರುವ ಹಲವು ವಿತರಣೆಗಳಲ್ಲಿ ಈಗ ಸಹಿಯಿಲ್ಲದ ಮಾಡ್ಯೂಲನ್ನು ರೂಟ್ ಬಳಕೆದಾರನೂ ಲೋಡ್ ಮಾಡಲಾರ.