ತೋಳವಿಲ್ಲದ ಊರಿನ ತೋಳದ ಮರಿಗಳು

2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತಷ್ಟೆ. ನಾನೂ ಒಂದು ದಿನ ಹೋಗಿದ್ದೆ. ಆ ಜನಸಾಗರದ ನಡುವೆ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ, "ಸರ್, ಚಿಕ್ಕಂದಿನಲ್ಲಿ ನೀವೂ ಸ್ಕೌಟ್ ಆಗಿದ್ದಿರಾ?" ಎಂದು ಕೇಳಿದ. "ಇಲ್ಲ ಮಾರಾಯ, ನಾನು ಕಬ್ ಆಗಿದ್ದೆ" ಎಂದೆ. ಅವನು ನಕ್ಕು ಸುಮ್ಮನಾದ. ಕಬ್ ಎಂದರೇನೆಂದು ಅವನಿಗೆ ತಿಳಿದಿರಲಿಲ್ಲ. ಆ ನಗುವಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಬ್ ಎಂದರೆ ತೋಳದ ಮರಿ. ಸ್ಕೌಟ್ ಆಗುವ ವಯಸ್ಸು ಬಾರದ ಹುಡುಗರು ಅಣ್ಣಂದಿರ ಹಿಂದೆ ಓಡಿಬರುವುದನ್ನು ಕಂಡು ಬೇಡನ್ ಪೊವೆಲರು 1916ರಲ್ಲಿ ಈ ವಿಭಾಗವನ್ನು ಆರಂಭಿಸಿದರು. ಅದಕ್ಕೆ ಕಥೆಯನ್ನು ಒದಗಿಸಿದ್ದು ಕಿಪ್ಲಿಂಗರ 'ಜಂಗಲ್ ಬುಕ್'. ಮುಂಬಯಿಯಲ್ಲಿ ಹುಟ್ಟಿದ ಆಂಗ್ಲ ಲೇಖಕ ನಮ್ಮ ಮಧ್ಯಪ್ರದೇಶದ ಸಿಯೋನಿ ಕಾಡಿನ ಕಥೆ ಬರೆದ. ಆ ಕಥೆ ಲಂಡನ್ನಿಗೆ ಹೋಗಿ ಮಕ್ಕಳ ಆಟವಾಯಿತು. ಆಟವು ಸಮುದ್ರ ದಾಟಿ ಪುನಃ ನಮ್ಮಲ್ಲಿಗೇ ಬಂತು. ನಮ್ಮ ಬೀಡಿಯೆಲೆ ಊರೂರು ಸುತ್ತಿ ಬೀಡಿಯಾಗಿ ಮರಳಿ ಬರುವುದಿಲ್ಲವೇ, ಹಾಗೆ!

ನಮ್ಮ ಜಿಲ್ಲೆಗೆ ಅದು ಬಂದುದು ಮದರಾಸಿನ ಕಡೆಯಿಂದ. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದರಿಂದ ನಮ್ಮ ಶಾಲೆಗಳ ಪದ್ಧತಿಗಳೆಲ್ಲ ಅಲ್ಲಿನವೇ. ಮೊದಮೊದಲು ಸ್ಕೌಟಿಂಗಿನಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಆ ಅವಮಾನವನ್ನು ಸಹಿಸದ ಆನಿ ಬೆಸೆಂಟರು ಮದರಾಸಿನಲ್ಲಿ ಭಾರತೀಯ ಬಾಲಕರದ್ದೇ ಸಂಘವನ್ನು ಕಟ್ಟಿದ್ದರು. ಉತ್ತರದಲ್ಲಿ ಹೃದಯನಾಥ ಕುಂಜ್ರು ಮೊದಲಾದವರ ಬೇರೊಂದು ಸಂಘವಿತ್ತು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡಿತು. ಮರುವರ್ಷ ಆಗಸ್ಟ್ 15ರಂದು ಗೈಡುಗಳೂ ಸೇರಿದರು. ಬಾಲಕಿಯರ ಪಾಲಿಗೆ ಕಬ್ ಬದಲು ಬುಲ್‌ಬುಲ್ ಎಂಬ ಹೆಸರು. ನಮ್ಮ ಹಿತ್ತಿಲಲ್ಲೇ ಇರುವ ಹಕ್ಕಿಯಾದ್ದರಿಂದ ಅವರಿಗೆ ಕಲ್ಪನೆಯ ಕಷ್ಟವಿರಲಿಲ್ಲ.

ಕಷ್ಟವಿದ್ದುದು ನಮಗೆ. 1970ರ ಆಸುಪಾಸಿನಲ್ಲಿ ಬಂಟ್ವಾಳದ ಸಮೀಪದ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಕಬ್ ಆದೆ. ಪಿಲಿ ಎಂದರೆ ಹುಲಿವೇಷ ಗೊತ್ತು, ಕುದ್ಕೆ ಎಂದರೆ ರಾತ್ರಿ ಗುಡ್ಡದ ಮೇಲೆ ಕೂಗುವ ನರಿ ಗೊತ್ತು. ತೋಳ? ತುಳುನಾಡಿನಲ್ಲಿ ಅದನ್ನು ಕಂಡವರಾರು? ನಮ್ಮ ಅಕೇಲಾ, ಎಂದರೆ ಕಬ್ ಪಡೆಯ ಮುಖ್ಯ ಶಿಕ್ಷಕಿ, "ಕುದ್ಕೆಯ ದೊಡ್ಡಣ್ಣ" ಎಂದು ಪರಿಹಾರ ಸೂಚಿಸಿದರು. ಹಾಗಾಗಿ ನಮ್ಮ ಮಹಾಘೋಷದಲ್ಲಿ ಕೇಳಿಬಂದುದು ಅಪ್ಪಟ ನರಿಯ ಊಳು.

ಮಹಾಘೋಷವೆಂದರೆ ಕಬ್‌ಗಳ ವಂದನೆ. ವೃತ್ತಾಕಾರವಾಗಿ ನಿಂತ ಮಕ್ಕಳು ಕುಕ್ಕರಗಾಲಲ್ಲಿ ಕುಳಿತು, ಎರಡೆರಡು ಬೆರಳುಗಳನ್ನು ನೆಲಕ್ಕೂರಿ, ತಲೆಯೆತ್ತಿ ನಡುವೆ ನಿಂತ ಅಕೇಲಾರಿಗೆ "ಕೈಲಾದುದನ್ನೆಲ್ಲ ಮಾಡುತ್ತೇವೆ" ಎಂದು ಕೂಗಿ ಹೇಳುತ್ತಾರೆ. ಬಳಿಕ ಜಿಗಿದು ನಿಂತು ಎರಡು ಬೆರಳುಗಳನ್ನು ತಲೆಯ ಬದಿಗಿಡಬೇಕು, ಅವೇ ತೋಳದ ಕಿವಿಗಳು. ನಾವು ಕೂಗುತ್ತಿದ್ದ "ಡಿಬ್ ಡಿಬ್" ಎಂಬುದನ್ನು ನಾನು ಬಹುಕಾಲ ಚೆಂಡೆಯ ಸದ್ದೆಂದೇ ತಿಳಿದಿದ್ದೆ. ಅದು 'ಡು ಯುವರ್ ಬೆಸ್ಟ್' ಎಂಬುದರ ಮೊದಲಕ್ಷರಗಳೆಂದು ಅರಿವಾದದ್ದು ಬಿ.ಎಡ್. ಓದುವಾಗ. ಆರು ಮಂದಿಯ ಗುಂಪಿನ ನಾಯಕನಿಗೆ ಸಿಕ್ಸರ್ ಎಂಬ ಬಿರುದು. ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಅದಕ್ಕಿಂತ ದೊಡ್ಡ ಪದವಿ ಬೇರೊಂದಿರಲಿಲ್ಲ.

ಮುರಕಲ್ಲಿನ ದಾರಿಯಲ್ಲಿ ಸುಣ್ಣದ ಬಾಣಗಳ ಗುರುತು ಹಿಡಿದು ನರಹರಿ ಪರ್ವತಕ್ಕೆ ಹೋದುದುಂಟು. ಬೆಳ್ತಂಗಡಿಯ ಗಡಾಯಿಕಲ್ಲು ಮಾತ್ರ ದೊಡ್ಡವರಿಗೆ. ಟಿಪ್ಪು ಕಟ್ಟಿಸಿದ ಆ ಕೋಟೆಯನ್ನು ನಾನು ಹತ್ತಿದ್ದು ಶಿಕ್ಷಕನಾದ ಮೇಲೆಯೇ.

ಇನ್ನೊಂದು ಪದ್ಧತಿಯ ಬಗ್ಗೆ ಹೇಳಲು ನನಗೆ ಸ್ವಲ್ಪ ನಾಚಿಕೆ. ಕಬ್ ಆದವನು ದಿನಕ್ಕೊಂದು ಸತ್ಕಾರ್ಯ ಮಾಡಬೇಕು. ಬೆಳಗ್ಗೆ ಸ್ಕಾರ್ಫಿನ ತುದಿಗೊಂದು ಗಂಟು ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಬೇಕು. ನಾನು ಎಷ್ಟೋ ಸಂಜೆ ಏನನ್ನೂ ಮಾಡದೆ, ಶಾಲೆಯ ಗೇಟಿನ ಹೊರಗೆ ಗಂಟನ್ನು ಬಿಚ್ಚಿಬಿಟ್ಟಿದ್ದೇನೆ. ಮರುದಿನ ಅಕೇಲಾ ಕೇಳಿದರೆ, "ಅಜ್ಜಿಗೆ ನೀರು ಸೇದಿಕೊಟ್ಟೆ" ಎಂಬ ಸಿದ್ಧ ಉತ್ತರ. ನನ್ನ ಅಜ್ಜಿ ಆಗಲೇ ತೀರಿಹೋಗಿದ್ದರು. ಅವರಿಗೆ ಅದು ಗೊತ್ತಿತ್ತು. ಒಮ್ಮೆಯೂ ಗದರಲಿಲ್ಲ.

1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿತು. ಹಿರಿಯರ ಬಾಯಲ್ಲಿ 1923ರ ಮಹಾನೆರೆಯ ಕಥೆ ಕೇಳಿದ್ದೆವು. ಈಗ ಕಣ್ಣಾರೆ ಕಂಡೆವು. ನೀರಿಳಿದ ಮೇಲೆ ಮನೆ, ಅಂಗಡಿಗಳ ತುಂಬ ಕೆಸರು. ನನಗಾಗ ಹದಿಮೂರು, ಕಬ್ ವಯಸ್ಸು ದಾಟಿತ್ತು, ಸ್ಕಾರ್ಫೂ ಇರಲಿಲ್ಲ. ಆದರೂ ಅಕೇಲಾ ಮನೆಮನೆಗೆ ಹೇಳಿಕಳುಹಿಸಿ ಹಳೆಯ ಮರಿಗಳನ್ನೆಲ್ಲ ಕರೆಸಿಕೊಂಡರು. ತೆಂಗಿನ ಮೋಟುಹಿಡಿಗಳಿಂದ ಕೆಸರು ಗುಡಿಸಿದೆವು, ಒದ್ದೆಯಾದ ಪಾಠಪುಸ್ತಕಗಳನ್ನು ಜಗಲಿಯಲ್ಲಿ ಹಾಳೆಹಾಳೆಯಾಗಿ ಒಣಗಿಸಿದೆವು. ಸಂಜೆ ಹೊರಡುವಾಗ ಅವರು ನನ್ನನ್ನು ನೋಡಿ, "ಗಂಟು ಬಿಚ್ಚಿದೆಯೇನೋ?" ಎಂದರು. ನನ್ನ ಕೈ ತಾನಾಗಿ ಬರಿಯ ಕೊರಳಿಗೆ ಹೋಯಿತು.

ಮುಂದೆ ಅವರಿಗೆ ವರ್ಗವಾಯಿತು, ನಮ್ಮ ಶಾಲೆಯ ಕಬ್ ಪಡೆಯೂ ಅಲ್ಲಿಗೇ ನಿಂತಿತು. ನಾನು ಮೂಡುಬಿದಿರೆ, ಬೆಳ್ತಂಗಡಿಗಳ ಪ್ರೌಢಶಾಲೆಗಳಲ್ಲಿದ್ದಾಗಲೂ ಕಂಡದ್ದು ಇದನ್ನೇ: ಚಿಕ್ಕ ಮಕ್ಕಳ ಪಡೆಯೆಂದರೆ ಒಬ್ಬ ಶಿಕ್ಷಕಿಯ ಉತ್ಸಾಹ, ಅವರು ಹೋದರೆ ಹಸಿರು ಟೋಪಿಗಳು ಕಪಾಟಿನೊಳಗೆ. ಜಾಂಬೂರಿಯ ಭಾವಚಿತ್ರಗಳು ಸಾವಿರಾರಿವೆ. ನಮ್ಮ ಪಡೆಯದು ಒಂದೂ ನನ್ನಲ್ಲಿಲ್ಲ. ಆ ಕಾಲದ ಬಂಟ್ವಾಳದ ಬಂಧುಗಳಲ್ಲಿ ಯಾರ ಟ್ರಂಕಿನ ತಳದಲ್ಲಾದರೂ, ಕುಕ್ಕರಗಾಲಲ್ಲಿ ಕುಳಿತು ಬಾಯಿ ತೆರೆದಿರುವ ಹುಡುಗರ ಚಿತ್ರವಿದ್ದರೆ ದಯವಿಟ್ಟು ನನಗೆ ತಿಳಿಸಿ.